ಜ್ವರ ಬಿಟ್ಟರೂ ಸುಸ್ತು ಬಿಡದಿದ್ದರೆ

ಕಳೆದ ಎರಡು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಬಹಳಷ್ಟು ಒಂದೇ ದೂರನ್ನು ಹೊತ್ತು ತಂದಿದ್ದವು: ಯಾವುದೋ ಜ್ವರ ಬಂದು ಹೋಯಿತು, ಅದರ ಬೆನ್ನಿಗೇ ಬಂದ ಸುಸ್ತು ಮಾತ್ರ ಹೋಗಲಿಲ್ಲ. ಆದ್ದರಿಂದ ಈ ಸಂಚಿಕೆಯ ಪುಟಗಳನ್ನು ಅದೊಂದಕ್ಕೇ ಮೀಸಲಿಟ್ಟು ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೈಬಿಟ್ಟಿದೆ.

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರಗಳು. ನನಗೆ 36 ವರ್ಷ, ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಕಳೆದ ಮಳೆಗಾಲದಲ್ಲಿ ಡೆಂಗಿ ಜ್ವರ ಬಂದು, ಪ್ಲೇಟ್‌ಲೆಟ್ ಇಳಿದಿದ್ದರಿಂದ ಆರು ದಿನ ಆಸ್ಪತ್ರೆಯಲ್ಲಿದ್ದೆ. ಮನೆಗೆ ಬಂದು ಹದಿನೈದು ದಿನ ವಿಶ್ರಾಂತಿ ಪಡೆದು ಶಾಲೆಗೆ ಹೋದೆ. ಅದಾಗಿ ಹತ್ತು ತಿಂಗಳಾದರೂ ನಾನು ಮೊದಲಿನಂತಾಗಿಲ್ಲ. ಭಾನುವಾರ ಮನೆಯ ಧೂಳು ಹೊಡೆದು ನಾಲ್ಕು ಹೊದಿಕೆ ಒಗೆದರೆ ಸೋಮವಾರ ಹೇಗೋ ಶಾಲೆಗೆ ಹೋಗುತ್ತೇನೆ; ಮಂಗಳವಾರ ಮತ್ತು ಬುಧವಾರ ಹಾಸಿಗೆಯಿಂದ ಏಳಲಾಗುವುದಿಲ್ಲ. ಎಂಟು ಗಂಟೆ ಮಲಗಿದರೂ ಮಲಗಿ ಎದ್ದಂತೆ ಅನ್ನಿಸುವುದಿಲ್ಲ. ಹಾಜರಿ ಕರೆಯುವಾಗ ಎದುರಿಗಿರುವ ಮಗುವಿನ ಹೆಸರೇ ಬಾಯಿಗೆ ಬರುವುದಿಲ್ಲ. ರಕ್ತ, ಥೈರಾಯ್ಡ್, ಬಿ12, ಎಲ್ಲ ರಿಪೋರ್ಟುಗಳೂ ನಾರ್ಮಲ್. ಮನೆಯವರು ‘ಮನಸ್ಸು ಗಟ್ಟಿ ಮಾಡಿಕೊ’ ಎನ್ನುತ್ತಾರೆ. ಡೆಂಗಿಯ ವೈರಸ್ ಇನ್ನೂ ಮೈಯಲ್ಲಿ ಉಳಿದುಕೊಂಡಿದೆಯೇ? ಕ್ರಾನಿಕ್ ಫಟೀಗ್ ಸಿಂಡ್ರೋಮ್, ಅಂದರೆ ದೀರ್ಘಕಾಲ ಬಿಡದ ಆಯಾಸದ ಕಾಯಿಲೆ, ಎಂಬುದರ ಬಗ್ಗೆ ಓದಿದೆ. ನನಗಿರುವುದು ಅದೇ ಇರಬಹುದೇ?
– ಶಿಕ್ಷಕಿ, ಅರಸೀಕೆರೆ ತಾಲ್ಲೂಕು

ಉತ್ತರ: ನಿಮ್ಮ ಪತ್ರವನ್ನು ಓದುವಾಗ ನನ್ನ ಕಣ್ಣು ನಿಂತದ್ದು ಭಾನುವಾರದ ಕೆಲಸಕ್ಕೆ ಮಂಗಳವಾರ ದಂಡ ತೆರಬೇಕಾಗುತ್ತದೆ ಎಂಬ ಮಾತಿನ ಮೇಲೆ. ಯಾವ ಜ್ವರದ ನಂತರವೂ ಕೆಲವು ವಾರ ಕೈಕಾಲು ಸೋಲುವುದು ಸಹಜ. ಹಿರಿಯರು ಪಥ್ಯವೆಂದು ಹೇಳಿ ತಿಂಗಳೊಪ್ಪತ್ತು ಭಾರದ ಕೆಲಸ ಮಾಡಿಸದೆ ಕೂರಿಸುತ್ತಿದ್ದುದು ಸುಮ್ಮನೆ ಅಲ್ಲ. ಆ ಸುಸ್ತು ದಿನದಿಂದ ದಿನಕ್ಕೆ ಇಳಿಯುತ್ತದೆ, ಚೆನ್ನಾಗಿ ಮಲಗಿದರೆ ಮರುದಿನ ಹಗುರವಾಗುತ್ತದೆ. ನೀವು ಹೇಳುತ್ತಿರುವುದು ಬೇರೆಯೇ ಬಗೆಯದು. ಮಾಡಿದ ಕೆಲಸದ ಪರಿಣಾಮ ಆಗಲೇ ಕಾಣಿಸಿಕೊಳ್ಳದೆ ಹನ್ನೆರಡರಿಂದ ನಲವತ್ತೆಂಟು ಗಂಟೆ ತಡವಾಗಿ ಬಂದೆರಗುವುದು, ಕೆಲಸದ ಪ್ರಮಾಣಕ್ಕೆ ಹೋಲಿಸಿದರೆ ವಿಪರೀತ ಎನ್ನಿಸುವಷ್ಟಿರುವುದು, ದಿನಗಟ್ಟಲೆ ಕೆಲವೊಮ್ಮೆ ವಾರಗಟ್ಟಲೆ ಬಿಡದಿರುವುದು ನೀವು ಹೆಸರಿಸಿದ ಕ್ರಾನಿಕ್ ಫಟೀಗ್ ಸಿಂಡ್ರೋಮ್‌ನ ಮುಖ್ಯ ಗುರುತು. ದೈಹಿಕ ಶ್ರಮವಷ್ಟೇ ಅಲ್ಲ, ಉತ್ತರ ಪತ್ರಿಕೆ ತಿದ್ದುವಂತಹ ಬುದ್ಧಿಯ ಕೆಲಸವೂ ಇದನ್ನು ತರಬಲ್ಲದು.

ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಪ್ರಕಟಿಸಿದ ವರದಿ ರೋಗ ನಿರ್ಣಯಕ್ಕೆ ಒಂದು ಸರಳ ಅಳತೆಯನ್ನು ಕೊಟ್ಟಿದೆ. ಆರು ತಿಂಗಳಿಗೂ ಮೀರಿ ಮೊದಲಿನಂತೆ ಕೆಲಸ ಮಾಡಲಾಗದಿರುವುದು, ಶ್ರಮದ ನಂತರ ಕುಸಿಯುವುದು, ನಿದ್ದೆಯಿಂದ ಚೇತರಿಕೆ ಸಿಗದಿರುವುದು – ಈ ಮೂರೂ ಇರಬೇಕು. ಇವುಗಳ ಜೊತೆಗೆ ಮರೆವು, ಗಮನ ಚದುರುವಿಕೆಯಂತಹ ಮೆದುಳಿನ ಮಬ್ಬಾಗಲಿ, ನಿಂತಾಗ ತಲೆ ತಿರುಗುವಂತಹ ತೊಂದರೆಯಾಗಲಿ ಒಂದಾದರೂ ಇರಬೇಕು. ನಿಮ್ಮ ಪತ್ರದಲ್ಲಿ ಇವೆಲ್ಲ ಇರುವಂತೆ ಕಾಣುತ್ತದೆ. ಆದರೆ ಪತ್ರ ಓದಿ ರೋಗಕ್ಕೆ ಹೆಸರಿಡುವುದು ಸರಿಯಲ್ಲ. ಹಿಮೋಗ್ಲೋಬಿನ್ ಸರಿಯಿದ್ದರೂ ದೇಹದ ಕಬ್ಬಿಣದ ದಾಸ್ತಾನು ಬರಿದಾಗಿರುವುದು ನಮ್ಮ ಹೆಂಗಸರಲ್ಲಿ ಅಪರೂಪವಲ್ಲವಾದ್ದರಿಂದ ಫೆರಿಟಿನ್ ಪರೀಕ್ಷೆಯಾಗಿದೆಯೇ ಎಂದು ನೋಡಿಕೊಳ್ಳಿ. ಸಕ್ಕರೆ, ಯಕೃತ್ತು, ಮೂತ್ರಪಿಂಡ, ಇಎಸ್‌ಆರ್, ಕ್ಷಯದ ಶಂಕೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಖಿನ್ನತೆ – ಇವನ್ನೂ ಒಬ್ಬ ಫಿಜಿಷಿಯನ್ ಕೂತು ಪರಿಶೀಲಿಸಲಿ. ಇವೆಲ್ಲ ಇಲ್ಲವೆಂದಾದರೆ ನಿಮ್ಮ ಊಹೆಯೇ ಬಹುಮಟ್ಟಿಗೆ ಸರಿ. ಈ ಕಾಯಿಲೆಯನ್ನು ಪತ್ತೆ ಹಚ್ಚುವ ರಕ್ತಪರೀಕ್ಷೆ ಇನ್ನೂ ಚಾಲ್ತಿಗೆ ಬಂದಿಲ್ಲ. ಹಾಗಾಗಿ ಎಲ್ಲ ರಿಪೋರ್ಟುಗಳೂ ನಾರ್ಮಲ್ ಎಂದಾಕ್ಷಣ ರೋಗವೇ ಇಲ್ಲ ಎಂದು ಹೇಳಲಾಗದು.

ವೈರಸ್ ಉಳಿದಿದೆಯೇ ಎಂಬ ಪ್ರಶ್ನೆಗೆ ಬರುತ್ತೇನೆ. ಡೆಂಗಿ ವೈರಸ್ ಸಾಮಾನ್ಯವಾಗಿ ಜ್ವರ ಶುರುವಾದ ಒಂದು ವಾರದೊಳಗೆ ರಕ್ತದಿಂದ ಮಾಯವಾಗುತ್ತದೆ. ಆದರೂ ಅದರ ನಂತರದ ಸುಸ್ತು ದಾಖಲಾದ ಸಂಗತಿಯೇ. ಸಿಂಗಪುರದ ವೈದ್ಯರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಡೆಂಗಿಯಿಂದ ಆಸ್ಪತ್ರೆ ಸೇರಿದ್ದವರಲ್ಲಿ ಸುಮಾರು ಕಾಲು ಭಾಗದಷ್ಟು ಜನರಿಗೆ ಎರಡು ತಿಂಗಳ ನಂತರವೂ ಗಣನೀಯ ಆಯಾಸವಿತ್ತು. ಇಂತಹವರಲ್ಲಿ ಹೆಚ್ಚಿನವರು ಮುಂದೆ ಚೇತರಿಸಿಕೊಳ್ಳುತ್ತಾರೆ. ಉಳಿಯುವ ಕೆಲವರೇ ನಮ್ಮ ಚಿಂತೆಗೆ ಕಾರಣ.

ಆ ಕೆಲವರು ಯಾರು ಎಂಬುದಕ್ಕೆ ನನಗೆ ತಿಳಿದಂತೆ ಅತ್ಯಂತ ಚೊಕ್ಕವಾದ ಉತ್ತರ ಕೊಟ್ಟದ್ದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಪ್ರಾಂತ್ಯದ ಡಬ್ಬೋ ಎಂಬ ಊರು. ಕೃಷಿ, ಕುರಿ, ದನಗಳ ಸೀಮೆ ಅದು. ಅಲ್ಲಿನ ಸಂಶೋಧಕರು ಕಾಯಿಲೆ ಹಳೆಯದಾದ ಮೇಲೆ ರೋಗಿಗಳನ್ನು ಹುಡುಕಿಕೊಂಡು ಹೋಗಲಿಲ್ಲ. ಸೋಂಕು ತಗುಲಿದ ಹೊಸತರಲ್ಲೇ 253 ಜನರನ್ನು ಗುರುತಿಸಿ, ಅವರ ಹಿಂದೆ ಒಂದು ವರ್ಷ ಬಿದ್ದರು. ಮೂರು ಬೇರೆ ಬೇರೆ ಸೋಂಕುಗಳು: ಗ್ರಂಥಿಜ್ವರ ತರುವ ಎಪ್‌ಸ್ಟೀನ್–ಬಾರ್ ವೈರಸ್, ಸೊಳ್ಳೆಯಿಂದ ಹರಡುವ ರಾಸ್ ರಿವರ್ ವೈರಸ್, ಮತ್ತು ಜಾನುವಾರುಗಳಿಂದ ಬರುವ ಕ್ಯೂ ಜ್ವರ. ಕೊನೆಯದು ವೈರಸ್ಸೇ ಅಲ್ಲ, ಬ್ಯಾಕ್ಟೀರಿಯಾ. 2006ರಲ್ಲಿ ಫಲಿತಾಂಶ ಹೊರಬಿತ್ತು. ಆರು ತಿಂಗಳಾದಾಗ ಶೇ 11ರಷ್ಟು ಜನ ಕ್ರಾನಿಕ್ ಫಟೀಗ್ ಸಿಂಡ್ರೋಮ್‌ನ ಲಕ್ಷಣಗಳಿಗೆ ಹೊಂದುತ್ತಿದ್ದರು, ಮತ್ತು ಆ ಪ್ರಮಾಣ ಮೂರೂ ಸೋಂಕುಗಳಲ್ಲಿ ಹೆಚ್ಚುಕಡಿಮೆ ಒಂದೇ ಇತ್ತು. ಯಾರು ಹೀಗಾಗುತ್ತಾರೆ ಎಂಬುದನ್ನು ವಯಸ್ಸಾಗಲಿ, ಹಿಂದಿನ ಮಾನಸಿಕ ಸ್ಥಿತಿಯಾಗಲಿ ಮುಂಚಿತವಾಗಿ ಹೇಳಲಿಲ್ಲ. ಮೊದಲ ಕಾಯಿಲೆ ಎಷ್ಟು ಜೋರಾಗಿ ಬಡಿದಿತ್ತು ಎಂಬುದು ಹೇಳಿತು.

ಇದರಿಂದ ನನಗೆ ತಿಳಿಯುವುದಿಷ್ಟು: ಬಂದ ಸೋಂಕು ಯಾವುದು ಎಂಬುದಕ್ಕಿಂತ ಆ ಸೋಂಕಿಗೆ ದೇಹ ಹೇಗೆ ಸ್ಪಂದಿಸಿತು, ಆ ಸ್ಪಂದನ ಏಕೆ ನಿಲ್ಲಲಿಲ್ಲ ಎಂಬುದರಲ್ಲೇ ಗುಟ್ಟಿದೆ. ರೋಗನಿರೋಧಕ ವ್ಯವಸ್ಥೆ ಯುದ್ಧ ಮುಗಿದ ಮೇಲೂ ಶಸ್ತ್ರ ಕೆಳಗಿಡದೆ ಕುಳಿತಿದೆ ಎನ್ನುವವರಿದ್ದಾರೆ; ವೈರಸ್ಸಿನ ಚೂರುಗಳು ಅಂಗಾಂಶಗಳಲ್ಲಿ ಅಡಗಿ ಅದನ್ನು ಕೆಣಕುತ್ತಿವೆ ಎನ್ನುವವರಿದ್ದಾರೆ; ಬಾಲ್ಯದಿಂದ ಮೈಯಲ್ಲಿ ಮಲಗಿದ್ದ ಬೇರೊಂದು ವೈರಸ್ ಈ ಗದ್ದಲದಲ್ಲಿ ಎಚ್ಚರಗೊಂಡಿದೆ ಎಂದೂ, ಹೃದಯ ಬಡಿತ–ರಕ್ತದೊತ್ತಡಗಳನ್ನು ನಮಗರಿವಿಲ್ಲದೆ ನಡೆಸುವ ನರಮಂಡಲ ದಾರಿ ತಪ್ಪಿದೆ ಎಂದೂ ವಾದಗಳಿವೆ. ಇವು ಒಂದಕ್ಕೊಂದು ವಿರೋಧಿಯಾಗಬೇಕಿಲ್ಲ. ಬೇರೆ ಬೇರೆ ರೋಗಿಗಳಲ್ಲಿ ಬೇರೆ ಬೇರೆ ಕಾರಣ ಮೇಲುಗೈ ಪಡೆದಿರಬಹುದು. ಬ್ರಿಟನ್ನಿನಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ರೋಗಿಗಳ ವಂಶವಾಹಿಗಳನ್ನು ಪರಿಶೀಲಿಸಿದ ಡಿಕೋಡ್‌ಎಂಇ ಅಧ್ಯಯನ 2025ರ ಆಗಸ್ಟ್‌ನಲ್ಲಿ ಎಂಟು ವಂಶವಾಹಿ ಪ್ರದೇಶಗಳನ್ನು ಗುರುತಿಸಿತು. ಅವುಗಳಲ್ಲಿ ಕೆಲವು ಸೋಂಕಿನ ವಿರುದ್ಧ ಹೋರಾಡುವ ವ್ಯವಸ್ಥೆಗೂ ನರಮಂಡಲಕ್ಕೂ ಸಂಬಂಧಿಸಿದವು ಎಂಬುದು ಈ ದಿಕ್ಕಿಗೇ ಬೆರಳು ತೋರುತ್ತದೆ.

ಇನ್ನು ಮನಸ್ಸು ಗಟ್ಟಿ ಮಾಡಿಕೊಳ್ಳುವ ಮಾತು. ಖಿನ್ನತೆಯಲ್ಲಿರುವವರಿಗೆ ಸಾಮಾನ್ಯವಾಗಿ ಕೆಲಸ ಮಾಡುವ ಇಚ್ಛೆಯೇ ಬತ್ತಿಹೋಗಿರುತ್ತದೆ. ನಿಮಗೆ ಹೊದಿಕೆ ಒಗೆಯುವ ಇಚ್ಛೆ ಇದೆ, ಒಗೆದೂ ಬಿಟ್ಟಿದ್ದೀರಿ, ತೊಂದರೆ ಶುರುವಾದದ್ದು ಅದರ ನಂತರ. ಮನೆಯವರಿಗೆ ಈ ವ್ಯತ್ಯಾಸವನ್ನು ತೋರಿಸಿ. ಬೇಕಾದರೆ ಈ ಪುಟವನ್ನೇ ಕೈಗೆ ಕೊಡಿ.

ಪ್ರಶ್ನೆ: ಮಾನ್ಯರೇ, ನಾನು ನಿವೃತ್ತ ಉಪನ್ಯಾಸಕ. ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂಬುದು ಅಮೆರಿಕದ ಉಳ್ಳವರು ಕಂಡುಹಿಡಿದುಕೊಂಡ ಸೋಮಾರಿತನದ ಹೊಸ ಹೆಸರು ಎಂದು ನಮ್ಮ ಗೆಳೆಯರ ಬಳಗದಲ್ಲಿ ವಾದ ನಡೆಯಿತು. ಇದಕ್ಕೆ ಕಾರಣವಾದ ವೈರಸ್ ಸಿಕ್ಕಿತೆಂದು ಬಹಳ ಹಿಂದೆ ಪತ್ರಿಕೆಗಳಲ್ಲಿ ಓದಿದ ನೆನಪು ನನಗಿದೆ. ಅದು ಏನಾಯಿತು?
– ಓದುಗ, ಧಾರವಾಡ

ಉತ್ತರ: ನಿಮ್ಮ ಗೆಳೆಯರು ಹೇಳುತ್ತಿರುವುದು ಹೊಸ ವಾದವೇನಲ್ಲ, ಅದಕ್ಕೆ ಐವತ್ತು ವರ್ಷ ದಾಟಿದ ಇತಿಹಾಸವಿದೆ.

1934ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಪೋಲಿಯೊ ಹರಡಿದ್ದಾಗ ಅಲ್ಲಿನ ಕೌಂಟಿ ಜನರಲ್ ಆಸ್ಪತ್ರೆಯ 198 ಮಂದಿ ಸಿಬ್ಬಂದಿ ಪೋಲಿಯೊದಂತೆಯೇ ಕಾಣುವ, ಆದರೆ ಪೋಲಿಯೊ ಎನ್ನಲಾಗದ ಕಾಯಿಲೆಗೆ ತುತ್ತಾದರು. ಯಾರೂ ಸಾಯಲಿಲ್ಲ, ಆದರೆ ಹಲವರು ತಿಂಗಳುಗಟ್ಟಲೆ ಕೆಲಸಕ್ಕೆ ಮರಳಲಾಗಲಿಲ್ಲ. 1948ರ ಚಳಿಗಾಲದಲ್ಲಿ ಐಸ್‌ಲ್ಯಾಂಡಿನ ಅಕುರೇರಿ ಎಂಬ ಪುಟ್ಟ ಪಟ್ಟಣದಲ್ಲಿ ನಾನೂರಕ್ಕೂ ಹೆಚ್ಚು ಜನರಿಗೆ ಇಂತಹುದೇ ಕಾಯಿಲೆ ಬಂತು. ಇಲ್ಲಿ ಒಂದು ಸ್ವಾರಸ್ಯವಿದೆ: 1955ರಲ್ಲಿ ಐಸ್‌ಲ್ಯಾಂಡಿಗೆ ಪೋಲಿಯೊ ಬಂದಾಗ, ಹಿಂದೆ ಅಕುರೇರಿ ಕಾಯಿಲೆ ಹರಡಿದ್ದ ಪ್ರದೇಶಗಳನ್ನು ಅದು ಬಹುಮಟ್ಟಿಗೆ ಮುಟ್ಟಲೇ ಇಲ್ಲ. ಪೋಲಿಯೊ ವೈರಸ್ಸಿನ ಯಾವುದೋ ದಾಯಾದಿ ಮೊದಲೇ ಬಂದು ಹೋಗಿ, ಜನರಲ್ಲಿ ರಕ್ಷಣೆ ಉಳಿಸಿತ್ತೇ ಎಂದು ವೈದ್ಯರು ಶಂಕಿಸಲು ಇದು ಕಾರಣವಾಯಿತು.

ಅದೇ 1955ರ ಜುಲೈನಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಒಬ್ಬ ವೈದ್ಯರೂ ಒಬ್ಬ ವಾರ್ಡ್ ಸಿಸ್ಟರೂ ಮೊದಲು ಮಲಗಿದರು. ಎರಡು ವಾರ ಕಳೆಯುವಷ್ಟರಲ್ಲಿ ಆಸ್ಪತ್ರೆಯನ್ನೇ ಮುಚ್ಚಬೇಕಾಯಿತು, ಮತ್ತೆ ಬಾಗಿಲು ತೆರೆದದ್ದು ಅಕ್ಟೋಬರ್‌ನಲ್ಲಿ. ಒಟ್ಟು 292 ಸಿಬ್ಬಂದಿ ಕಾಯಿಲೆ ಬಿದ್ದಿದ್ದರು, ಅವರಲ್ಲಿ 255 ಮಂದಿಯನ್ನು ಆಸ್ಪತ್ರೆಗೆ ದಾಖಲಿಸಬೇಕಾಗಿತ್ತು. ಮರುವರ್ಷ ಲ್ಯಾನ್ಸೆಟ್ ಪತ್ರಿಕೆ ಈ ಬಗೆಯ ಕಾಯಿಲೆಗೆ ಮಯಾಲ್ಜಿಕ್ ಎನ್‌ಸೆಫಲೋಮೈಲೈಟಿಸ್, ಅಂದರೆ ಸ್ನಾಯುನೋವಿನೊಡನೆ ಮೆದುಳು–ಬೆನ್ನುಹುರಿಯ ಉರಿಯೂತ, ಎಂಬ ಹೆಸರನ್ನು ಮುಂದಿಟ್ಟಿತು. ‘ಸೌಮ್ಯ’ ಎಂಬ ವಿಶೇಷಣವನ್ನೂ ಹಿಂದೆ ಜೋಡಿಸಿತ್ತು. ಸಾವು ಬರಲಿಲ್ಲ ಎಂಬುದಷ್ಟೇ ಆ ಸೌಮ್ಯತೆಗೆ ಆಧಾರ.

ಇದಾಗಿ ಹದಿನೈದು ವರ್ಷಗಳ ನಂತರ, 1970ರಲ್ಲಿ, ಮೆಕ್‌ಎವಿಡಿ ಮತ್ತು ಬಿಯರ್ಡ್ ಎಂಬ ಇಬ್ಬರು ಮನೋವೈದ್ಯರು ರಾಯಲ್ ಫ್ರೀ ಪ್ರಕರಣವನ್ನು ಸಾಮೂಹಿಕ ಉನ್ಮಾದವೆಂದು ತೀರ್ಮಾನಿಸಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಎರಡು ಲೇಖನ ಬರೆದರು. ಕಾಯಿಲೆ ಬಿದ್ದವರಲ್ಲಿ ಹೆಂಗಸರೇ ಹೆಚ್ಚು ಎಂಬುದು ಅವರ ಕಾರಣಗಳಲ್ಲೊಂದು. ರೋಗಿಗಳನ್ನು ಅವರು ಪರೀಕ್ಷಿಸಲಿಲ್ಲ, ಹಳೆಯ ಕಡತಗಳನ್ನು ಓದಿದರು. ಹೆಣ್ಣಿನ ನೋವನ್ನು ‘ನರದೌರ್ಬಲ್ಯ’ ಎಂದು ಬರೆದು ಕೈತೊಳೆದುಕೊಳ್ಳುವುದು ನಮ್ಮ ಊರಿನ ದವಾಖಾನೆಗಳಿಗೂ ಗೊತ್ತಿರುವ ಚಾಳಿಯೇ ಆದ್ದರಿಂದ ಲಂಡನ್ನಿನವರನ್ನು ಮಾತ್ರ ಬೈಯುವುದು ನ್ಯಾಯವಲ್ಲ. ಆದರೆ ಆ ಎರಡು ಲೇಖನಗಳ ನೆರಳು ಈ ರೋಗದ ಸಂಶೋಧನೆಯ ಮೇಲೆ ದಶಕಗಳ ಕಾಲ ಬಿದ್ದಿತ್ತು.

1984ರಲ್ಲಿ ಅಮೆರಿಕದ ನೆವಾಡ ರಾಜ್ಯದ ಟಾಹೋ ಸರೋವರದ ದಡದ ಇನ್‌ಕ್ಲೈನ್ ವಿಲೇಜ್‌ನಲ್ಲಿ ಪಾಲ್ ಚೀನಿ ಮತ್ತು ಡೇನಿಯಲ್ ಪೀಟರ್ಸನ್ ಎಂಬ ವೈದ್ಯರ ಬಳಿಗೆ ಫ್ಲೂನಂತೆ ಶುರುವಾಗಿ ಮುಗಿಯದೇ ಉಳಿದ ಕಾಯಿಲೆಯ ರೋಗಿಗಳು ಒಬ್ಬರ ಹಿಂದೊಬ್ಬರು ಬರತೊಡಗಿದರು. ಎಪ್‌ಸ್ಟೀನ್–ಬಾರ್ ವೈರಸ್ಸೇ ಕಾರಣವೆಂಬ ಶಂಕೆ ಎದ್ದಿತು. ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ತನಿಖೆಗೆ ತಂಡ ಕಳಿಸಿತಾದರೂ ಆ ನಂಟು ಖಚಿತವಾಗಲಿಲ್ಲ. 1988ರಲ್ಲಿ, ವೈರಸ್ಸಿನ ಹೆಸರನ್ನು ಬಿಟ್ಟು, ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂದು ಕರೆಯಲಾಯಿತು. ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ದುರದೃಷ್ಟದ ಹೆಸರು ಸಿಗುವುದು ಕಷ್ಟ. ಕ್ಷಯವನ್ನು ‘ದೀರ್ಘಕಾಲದ ಕೆಮ್ಮು’ ಎಂದು ಹೆಸರಿಟ್ಟು ಕರೆದಿದ್ದರೆ ಅದನ್ನು ಯಾರು ಗಂಭೀರವಾಗಿ ತೆಗೆದುಕೊಳ್ಳುತ್ತಿದ್ದರು? ಅಲ್ಲಿನ ಪತ್ರಿಕೆಗಳು ಇದನ್ನು ಸಿರಿವಂತ ತರುಣರ ಫ್ಲೂ ಎಂದು ಲೇವಡಿ ಮಾಡಿದ್ದೂ ಅದೇ ಕಾಲದಲ್ಲಿ. ನಿಮ್ಮ ಗೆಳೆಯರ ಮಾತಿನ ಮೂಲ ಅಲ್ಲಿದೆ.

ನೀವು ನೆನಪಿಟ್ಟಿರುವ ಸುದ್ದಿ 2009ರ ಅಕ್ಟೋಬರ್ ತಿಂಗಳದು. ಇಲಿಗಳ ವೈರಸ್ಸಿಗೆ ಸಂಬಂಧಿಸಿದ ಎಕ್ಸ್‌ಎಂಆರ್‌ವಿ ಎಂಬ ರೆಟ್ರೊವೈರಸ್ 101 ರೋಗಿಗಳಲ್ಲಿ 68 ಮಂದಿಯ ರಕ್ತದಲ್ಲಿ ಸಿಕ್ಕಿತೆಂದೂ, ಆರೋಗ್ಯವಂತರಲ್ಲಿ 218ಕ್ಕೆ ಎಂಟು ಮಂದಿಯಲ್ಲಿ ಮಾತ್ರ ಇತ್ತೆಂದೂ ಸೈನ್ಸ್ ಪತ್ರಿಕೆಯಲ್ಲಿ ಪ್ರಬಂಧ ಬಂತು. ರೋಗಿಗಳು ಹಬ್ಬದಂತೆ ಸಂಭ್ರಮಿಸಿದರು. ಕೆನಡಾ, ಆಸ್ಟ್ರೇಲಿಯಾ, ಬ್ರಿಟನ್ ಮೊದಲಾದ ದೇಶಗಳು ಮುನ್ನೆಚ್ಚರಿಕೆಯಾಗಿ ಈ ರೋಗಿಗಳಿಂದ ರಕ್ತದಾನ ಪಡೆಯುವುದನ್ನು ನಿಲ್ಲಿಸಿದವು. ಆದರೆ ಬೇರೆ ಪ್ರಯೋಗಾಲಯಗಳಿಗೆ ಆ ವೈರಸ್ ಸಿಗಲಿಲ್ಲ. ಕೊನೆಗೆ ತಿಳಿದದ್ದೇನೆಂದರೆ, ಆ ವೈರಸ್ ಹುಟ್ಟಿದ್ದೇ ಪ್ರಯೋಗಾಲಯದಲ್ಲಿ. ಮನುಷ್ಯನ ಕ್ಯಾನ್ಸರ್ ಕೋಶಗಳನ್ನು ಇಲಿಗಳ ಮೈಯಲ್ಲಿ ಬೆಳೆಸುವಾಗ ಇಲಿಯ ಎರಡು ವೈರಸ್‌ತುಣುಕುಗಳು ಕೂಡಿ ಅದಾಗಿತ್ತು, ಅಲ್ಲಿಂದ ಮಾದರಿಗಳಿಗೆ ಬೆರೆತಿತ್ತು. 2011ರ ಡಿಸೆಂಬರ್‌ನಲ್ಲಿ ಸೈನ್ಸ್ ಆ ಪ್ರಬಂಧವನ್ನು ಹಿಂತೆಗೆದುಕೊಂಡಿತು. 2012ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಇಯಾನ್ ಲಿಪ್‌ಕಿನ್ ಅವರು, ಮೊದಲು ಕಂಡುಹಿಡಿದೆವೆಂದವರನ್ನೂ ಸೇರಿಸಿಕೊಂಡು, ಯಾವ ಮಾದರಿ ಯಾರದೆಂದು ತಿಳಿಯದಂತೆ ಮತ್ತೆ ಪರೀಕ್ಷೆ ಮಾಡಿಸಿದರು, ವೈರಸ್ ಸಿಗಲಿಲ್ಲ.

ಈ ಕಥೆಯನ್ನು ಕಾಯಿಲೆ ಸುಳ್ಳೆಂಬುದಕ್ಕೆ ಸಾಕ್ಷಿಯಾಗಿ ಬಳಸುವವರಿದ್ದಾರೆ. ಬಿದ್ದುಹೋದದ್ದು ಒಂದು ವೈರಸ್ಸಿನ ಮೇಲಿನ ಆರೋಪ ಮಾತ್ರ, ಕಾಯಿಲೆಗೆ ಅದರಿಂದ ಏನೂ ಆಗಲಿಲ್ಲ. ಮುಂದೆ ಕೋವಿಡ್ ಬಂದಾಗ, ಸೋಂಕು ಹೋದರೂ ಸುಸ್ತು ಉಳಿಯುವುದು ಇಡೀ ಜಗತ್ತಿನ ಕಣ್ಣೆದುರಿಗೇ ಮತ್ತೆ ನಡೆಯಿತು. ಅಮೆರಿಕದ ರಿಕವರ್ ಯೋಜನೆಯಡಿ 2025ರ ಜನವರಿಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೋವಿಡ್ ಬಂದವರಲ್ಲಿ ಶೇ 4.5ರಷ್ಟು ಜನ ಈ ರೋಗದ ಲಕ್ಷಣಗಳಿಗೆ ಹೊಂದುತ್ತಿದ್ದರು. ಸೋಂಕು ತಗುಲದವರಲ್ಲಿ ಆ ಪ್ರಮಾಣ ಶೇ 0.6. ಅದಕ್ಕೂ ಮೊದಲು, 2003ರ ಸಾರ್ಸ್ ಸೋಂಕಿನಿಂದ ಬದುಕುಳಿದ ಹಾಂಗ್‌ಕಾಂಗಿನ 233 ಮಂದಿಯನ್ನು ಸುಮಾರು ನಾಲ್ಕು ವರ್ಷಗಳ ನಂತರ ಪರಿಶೀಲಿಸಿದಾಗ ಶೇ 27ರಷ್ಟು ಜನ ಇದೇ ಸ್ಥಿತಿಯಲ್ಲಿದ್ದರು. ಇಷ್ಟು ಸಂಖ್ಯೆಗಳನ್ನು ನಿಮ್ಮ ಬಳಗದ ಮುಂದಿಡಿ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಎಂಜಿನಿಯರ್, ವಯಸ್ಸು 29. ಒಂದೂವರೆ ವರ್ಷದಿಂದ ಸುಸ್ತು. ಒಂದು ಲ್ಯಾಬಿನ ವೈರಲ್ ಪ್ಯಾನೆಲ್ ಪ್ಯಾಕೇಜ್‌ಗೆ ಸಾವಿರಾರು ರೂಪಾಯಿ ಕೊಟ್ಟು ಪರೀಕ್ಷೆ ಮಾಡಿಸಿದೆ. ಇಬಿವಿ (ಎಪ್‌ಸ್ಟೀನ್–ಬಾರ್ ವೈರಸ್) ಐಜಿಜಿ ಪಾಸಿಟಿವ್ ಬಂದಿದೆ. ಅಸೈಕ್ಲೊವಿರ್ ಎಂಬ ವೈರಸ್ ನಿರೋಧಕ ಔಷಧಿ ತೆಗೆದುಕೊಂಡರೆ ಗುಣವಾಗುತ್ತದೆಯೇ? ಇಮ್ಯುನಿಟಿ ಬೂಸ್ಟರ್‌ಗಳನ್ನೂ ಕೆಲವರು ಹೇಳುತ್ತಿದ್ದಾರೆ.
– ಓದುಗ, ಬೆಂಗಳೂರು

ಉತ್ತರ: ಆ ಪರೀಕ್ಷೆಯನ್ನು ನಿಮ್ಮ ಕಚೇರಿಯ ಎಲ್ಲರಿಗೂ ಮಾಡಿಸಿದ್ದರೆ ಹತ್ತರಲ್ಲಿ ಒಂಬತ್ತು ಮಂದಿಗೆ ಪಾಸಿಟಿವ್ ಬರುತ್ತಿತ್ತು. ಜಗತ್ತಿನ ವಯಸ್ಕರಲ್ಲಿ ಶೇ 90ಕ್ಕೂ ಹೆಚ್ಚು ಜನರ ಮೈಯಲ್ಲಿ ಎಪ್‌ಸ್ಟೀನ್–ಬಾರ್ ವೈರಸ್ ಇದೆ. ಐಜಿಜಿ ಪ್ರತಿಕಾಯ ಇದೆಯೆಂದರೆ ಎಂದೋ ಸೋಂಕು ತಗುಲಿತ್ತು ಎಂದಷ್ಟೇ ಅರ್ಥ. ನಮ್ಮಲ್ಲಿ ಬಹುತೇಕರಿಗೆ ಅದು ಚಿಕ್ಕಂದಿನಲ್ಲೇ, ತಿಳಿಯದಂತೆ ಬಂದು ಹೋಗಿರುತ್ತದೆ.

ಅಸೈಕ್ಲೊವಿರ್‌ನ ಪ್ರಯೋಗ 1988ರಷ್ಟು ಹಿಂದೆಯೇ ಆಗಿದೆ. 27 ರೋಗಿಗಳಿಗೆ ಸರದಿಯಂತೆ ಔಷಧಿಯನ್ನೂ ಹುಸಿಮದ್ದನ್ನೂ ಕೊಟ್ಟು ನೋಡಿದಾಗ ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ. ಹಾಗೆಂದು ಈ ವೈರಸ್ ನಿರುಪದ್ರವಿ ಎಂದು ಭಾವಿಸಬೇಡಿ. ಅಮೆರಿಕದ ಸೇನೆಯ ಒಂದು ಕೋಟಿಗೂ ಹೆಚ್ಚು ಜನರ ದಾಖಲೆಗಳನ್ನು ಬಳಸಿ 2022ರಲ್ಲಿ ಪ್ರಕಟವಾದ ಅಧ್ಯಯನವು, ಇದರ ಸೋಂಕಿನ ನಂತರ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದ ಅಪಾಯ 32 ಪಟ್ಟು ಏರುತ್ತದೆಂದು ತೋರಿಸಿತು. ಸೋಂಕಿಗೆ ಮೊದಲಿನ ರಕ್ತದ ಮಾದರಿಗಳೂ ವರ್ಷಗಟ್ಟಲೆ ಸಂಗ್ರಹದಲ್ಲಿ ಇದ್ದುದರಿಂದ ಅದು ಸಾಧ್ಯವಾಯಿತು. ಆಯಾಸದ ಕಾಯಿಲೆಗೆ ಅಷ್ಟು ಗಟ್ಟಿಯಾದ ಸಾಕ್ಷ್ಯ ಬರುವವರೆಗೆ, ಇಂತಹ ಪ್ಯಾಕೇಜ್‌ಗಳಿಗೆ ಹಣ ಸುರಿಯುವುದರಲ್ಲಿ ಪ್ರಯೋಜನ ಕಾಣೆ. ಬೂಸ್ಟರ್‌ಗಳ ಮಾತು ಇನ್ನೂ ವಿಚಿತ್ರ: ನಿರೋಧಕ ವ್ಯವಸ್ಥೆ ಅತಿಯಾಗಿ ಕೆರಳಿರಬಹುದೆಂಬ ಶಂಕೆ ಇರುವ ಕಾಯಿಲೆಗೆ ಅದನ್ನು ಇನ್ನಷ್ಟು ಕೆರಳಿಸುತ್ತೇವೆಂದು ಹೇಳಿ ಮಾರುತ್ತಿದ್ದಾರೆ. ಆ ದುಡ್ಡಿನಲ್ಲಿ ಒಬ್ಬ ಒಳ್ಳೆಯ ಫಿಜಿಷಿಯನ್ ಬಳಿ ಅರ್ಧ ಗಂಟೆ ಕೂತು ಮಾತಾಡಿ.

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ, ಒಕ್ಕಲುತನ. ಚಿಕುನ್‌ಗುನ್ಯಾ ಬಂದು ಎಂಟು ತಿಂಗಳಾಗಿದೆ. ಕೀಲುನೋವು, ಸುಸ್ತು ಎರಡೂ ಇವೆ. ಇದೂ ಅದೇ ಕಾಯಿಲೆಯೇ?
– ಓದುಗ, ಕಲಬುರಗಿ ಜಿಲ್ಲೆ

ಉತ್ತರ: ಅವಸರದಿಂದ ಹಾಗೆ ಹೇಳಲಾರೆ. 2006ರಲ್ಲಿ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಚಿಕುನ್‌ಗುನ್ಯಾ ಪ್ರಕರಣಗಳು ದಾಖಲಾಗಿದ್ದಾಗ ಹಳ್ಳಿಗಳಲ್ಲಿ ಜನ ಗೋಡೆ ಹಿಡಿದು ನಡೆಯುತ್ತಿದ್ದುದು ನಿಮ್ಮ ತಂದೆಗೂ ನೆನಪಿರಬಹುದು. ಕೀಲುನೋವು ತಿಂಗಳುಗಳ ಕಾಲ, ಕೆಲವರಲ್ಲಿ ವರ್ಷಗಳ ಕಾಲ ಉಳಿಯುವುದು ಆ ವೈರಸ್ಸಿನ ಸ್ವಭಾವವೇ ಆಗಿದೆ. ನೋವಿನಿಂದ ನಿದ್ದೆ ಕೆಟ್ಟು, ನಿದ್ದೆ ಕೆಟ್ಟು ಸುಸ್ತಾಗಿರುವ ಸಾಧ್ಯತೆಯನ್ನು ಮೊದಲು ನೋಡಬೇಕು. ಬೆಳಿಗ್ಗೆ ಕೀಲುಗಳು ಗಂಟೆಗಟ್ಟಲೆ ಬಿಗಿದಿರುತ್ತವೆಯೇ, ಊತವಿದೆಯೇ ಎಂಬುದನ್ನು ಗಮನಿಸಿ ಸಂಧಿರೋಗ ತಜ್ಞರಿಗೆ ತೋರಿಸಿ. ಅದಕ್ಕೆ ಚಿಕಿತ್ಸೆ ಇದೆ. ಮೇಲೆ ಹೇಳಿದ ಡಬ್ಬೋ ಅಧ್ಯಯನದ ರಾಸ್ ರಿವರ್ ವೈರಸ್ ಚಿಕುನ್‌ಗುನ್ಯಾದ ಒಡಹುಟ್ಟಿನಂತಹುದು: ಒಂದೇ ಕುಲ, ಎರಡೂ ಸೊಳ್ಳೆಯಿಂದ ಬರುತ್ತವೆ, ಎರಡೂ ಕೀಲು ಹಿಡಿಯುತ್ತವೆ. ಆದ್ದರಿಂದ ಕೀಲುನೋವು ಇಳಿದ ಮೇಲೂ ಹೊಲಕ್ಕೆ ಹೋಗಿ ಬಂದ ಮರುದಿನ ಕುಸಿಯುವುದು ಮುಂದುವರಿದರೆ ಆಗ ಈ ದಿಕ್ಕಿನಲ್ಲಿ ಯೋಚಿಸಬಹುದು.

ಪ್ರಶ್ನೆ: ಡಾಕ್ಟರೇ, ನನ್ನ ಮಗ ದ್ವಿತೀಯ ಪಿಯುಸಿ. ಏಳು ತಿಂಗಳ ಹಿಂದೆ ಜ್ವರ, ಗಂಟಲುನೋವು ಬಂದು ಕುತ್ತಿಗೆಯ ಗ್ರಂಥಿಗಳು ಊದಿಕೊಂಡಿದ್ದವು. ಗ್ರಂಥಿಜ್ವರ ಎಂದರು. ಅಲ್ಲಿಂದ ಈಚೆಗೆ ಕಾಲೇಜಿಗೆ ಎರಡು ದಿನ ಹೋದರೆ ಮೂರು ದಿನ ಮಲಗುತ್ತಾನೆ. ಸ್ನಾನದ ಮನೆಯಲ್ಲಿ ನಿಂತರೆ ಕಣ್ಣು ಕತ್ತಲೆ ಬರುತ್ತದೆ. ಒಬ್ಬ ವೈದ್ಯರು ಇದು ಸೋಂಕಿನ ನಂತರದ ಆಯಾಸ, ದಿನಾ ಸ್ವಲ್ಪ ಸ್ವಲ್ಪ ವ್ಯಾಯಾಮ ಹೆಚ್ಚಿಸುತ್ತಾ ಹೋಗಲಿ ಎಂದರು. ಹಾಗೆ ಮಾಡಿದ ಮೇಲೆ ಇನ್ನೂ ಕೆಟ್ಟಿದೆ. ಅವನ ಅಜ್ಜಿ ಸೋಮಾರಿತನ ಎನ್ನುತ್ತಾರೆ. ಗುಣವಾಗುತ್ತದೆಯೇ?
– ತಾಯಿ, ಶಿವಮೊಗ್ಗ

ಉತ್ತರ: ಮೊದಲು ಸಮಾಧಾನದ ವಿಷಯ ಹೇಳುತ್ತೇನಮ್ಮ. ಷಿಕಾಗೊದಲ್ಲಿ ಗ್ರಂಥಿಜ್ವರ ಬಂದ 301 ಹದಿಹರೆಯದವರನ್ನು ಹಿಂಬಾಲಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಆರು ತಿಂಗಳಿಗೆ ಶೇ 13ರಷ್ಟು ಮಕ್ಕಳಲ್ಲಿ ಈ ಕಾಯಿಲೆ ಇತ್ತು. ವರ್ಷಕ್ಕೆ ಅದು ಶೇ 7ಕ್ಕೆ, ಎರಡು ವರ್ಷಕ್ಕೆ ಶೇ 4ಕ್ಕೆ ಇಳಿದಿತ್ತು. ವಯಸ್ಕರಲ್ಲಿ ಪೂರ್ಣ ಗುಣವಾಗುವವರು ಕಡಿಮೆ; ನಿಮ್ಮ ಮಗನ ವಯಸ್ಸಿನವರ ಭವಿಷ್ಯ ಅದಕ್ಕಿಂತ ಬಹಳ ಚೆನ್ನಾಗಿದೆ.

ವ್ಯಾಯಾಮದ ಸಲಹೆಯನ್ನು ನಾನೂ ಒಂದು ಕಾಲದಲ್ಲಿ ಕೊಟ್ಟಿದ್ದೇನೆ, ಅದಕ್ಕಾಗಿ ಈಗ ನಾಚಿಕೆಯಿದೆ. 2011ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಪೇಸ್ ಎಂಬ ಬ್ರಿಟಿಷ್ ಪ್ರಯೋಗ, ಹಂತಹಂತವಾಗಿ ವ್ಯಾಯಾಮ ಹೆಚ್ಚಿಸುವುದರಿಂದ ಅನುಕೂಲವಿದೆ ಎಂದಿತ್ತು. ಅದರ ಅಳತೆಗೋಲುಗಳನ್ನು ನಡುವೆಯೇ ಬದಲಿಸಿದ್ದರ ಬಗ್ಗೆ ರೋಗಿಗಳೂ ವಿಜ್ಞಾನಿಗಳೂ ವರ್ಷಗಳ ಕಾಲ ಆಕ್ಷೇಪವೆತ್ತಿದರು. 2021ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆ ತನ್ನ ಹೊಸ ಮಾರ್ಗಸೂಚಿಯಲ್ಲಿ ಆ ಬಗೆಯ ವ್ಯಾಯಾಮ ಚಿಕಿತ್ಸೆಯನ್ನು ಕೊಡಕೂಡದೆಂದು ಹೇಳಿ, ರೋಗ ನಿರ್ಣಯಕ್ಕೆ ಮೂರು ತಿಂಗಳು ಸಾಕೆಂದಿತು. ನಿಮಗೆ ಸಲಹೆ ಕೊಟ್ಟ ವೈದ್ಯರು ಹಳೆಯ ಪಾಠವನ್ನೇ ಓದಿದವರಿರಬಹುದು. ಅವರಿಗೆ ಕೆಟ್ಟ ಉದ್ದೇಶವಿತ್ತೆಂದು ತಿಳಿಯಬೇಡಿ.

ಈಗ ಮಾಡಬೇಕಾದದ್ದು, ಅವನ ಶಕ್ತಿಯನ್ನು ತಿಂಗಳ ಸಂಬಳದಂತೆ ನೋಡುವುದು. ಇರುವುದರಲ್ಲಿ ಸ್ವಲ್ಪ ಉಳಿಸಿಯೇ ಖರ್ಚು ಮಾಡಬೇಕು, ಸಾಲ ಮಾಡಿದರೆ ಬಡ್ಡಿ ವಿಪರೀತ. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಅವನು ಮಾಡಿದ ಕೆಲಸವನ್ನೂ ಮರುದಿನ, ಅದರ ಮರುದಿನ ಹೇಗಿದ್ದನೆಂಬುದನ್ನೂ ಬರೆದಿಡಿ. ಎಷ್ಟು ಮಾಡಿದರೆ ಕುಸಿಯುತ್ತಾನೆ ಎಂಬ ಗೆರೆ ತಾನಾಗಿ ಕಾಣತೊಡಗುತ್ತದೆ. ಓದನ್ನು ಇಪ್ಪತ್ತು ನಿಮಿಷಗಳ ತುಣುಕುಗಳಾಗಿ ಒಡೆಯಲಿ, ನಡುವೆ ಫೋನೂ ಇಲ್ಲದೆ ಕಣ್ಣು ಮುಚ್ಚಿ ಮಲಗಲಿ. ಚೆನ್ನಾಗಿರುವ ದಿನ ಬಾಕಿಯನ್ನೆಲ್ಲ ಒಮ್ಮೆಗೇ ತೀರಿಸಲು ಹೊರಡುವುದನ್ನು ತಡೆಯುವುದೇ ಕಷ್ಟದ ಕೆಲಸ. ಕಾಲೇಜಿನ ಪ್ರಾಂಶುಪಾಲರಿಗೆ ವೈದ್ಯರ ಪತ್ರ ಕೊಟ್ಟು ಹಾಜರಾತಿಯ ವಿಷಯ ಈಗಲೇ ಮಾತಾಡಿ. ಅಗತ್ಯಬಿದ್ದರೆ ಪರೀಕ್ಷೆ ಒಂದು ವರ್ಷ ತಡವಾಗಲಿ. ನೀಟ್, ಸಿಇಟಿಗಳು ಮುಂದಿನ ವರ್ಷವೂ ನಡೆಯುತ್ತವೆ. ಅಜ್ಜಿಯವರಿಗೆ, ಸೋಮಾರಿಯಾದವನು ಕಾಲೇಜು ತಪ್ಪಿಸಿ ಆಟಕ್ಕೆ ಹೋಗುತ್ತಾನೆ, ಇವನು ಆಟವನ್ನೂ ಬಿಟ್ಟಿದ್ದಾನಲ್ಲ ಎಂದು ಕೇಳಿ ನೋಡಿ.

ನಿಂತಾಗ ಕಣ್ಣು ಕತ್ತಲೆ ಬರುವುದನ್ನು ಮಾತ್ರ ತಡಮಾಡದೆ ನೋಡಬೇಕು, ಏಕೆಂದರೆ ಅದಕ್ಕೆ ಔಷಧೋಪಚಾರವಿದೆ. ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಬೆಳಿಗ್ಗೆ ಅವನು ಹತ್ತು ನಿಮಿಷ ಅಲುಗಾಡದೆ ಮಲಗಿದ ಮೇಲೆ ನಾಡಿಬಡಿತ ಎಣಿಸಿ. ನಂತರ ಬೆನ್ನನ್ನು ಗೋಡೆಗೆ ಆನಿಸಿ ಹತ್ತು ನಿಮಿಷ ನಿಲ್ಲಿಸಿ, ಎರಡೆರಡು ನಿಮಿಷಕ್ಕೊಮ್ಮೆ ಬಡಿತವನ್ನೂ, ಬಿಪಿ ಯಂತ್ರವಿದ್ದರೆ ರಕ್ತದೊತ್ತಡವನ್ನೂ ಬರೆದುಕೊಳ್ಳಿ. ನೀವು ಪಕ್ಕದಲ್ಲೇ ನಿಂತಿರಿ. ತಲೆ ತಿರುಗಿದರೆ ಕೂಡಲೇ ಮಲಗಿಸಿ. ರಕ್ತದೊತ್ತಡ ಇಳಿಯದೆ ಬಡಿತ ಮಾತ್ರ ನಿಮಿಷಕ್ಕೆ 40ಕ್ಕಿಂತ ಹೆಚ್ಚು ಏರಿದರೆ – ವಯಸ್ಕರಲ್ಲಾದರೆ ಈ ಅಂಕಿ 30 – ಅದು ಪಾಟ್ಸ್ ಎಂಬ ತೊಂದರೆಯನ್ನು ಸೂಚಿಸುತ್ತದೆ. ಆ ಚೀಟಿಯನ್ನು ಹಿಡಿದು ಫಿಜಿಷಿಯನ್ ಅಥವಾ ಹೃದಯತಜ್ಞರ ಬಳಿಗೆ ಹೋಗಿ. ನೀರು, ಉಪ್ಪು ಹೆಚ್ಚಿಸುವುದು, ಕಾಲಿಗೆ ಒತ್ತುವ ಕಾಲುಚೀಲ ಹಾಕುವುದು, ಬೇಕಾದರೆ ಮಾತ್ರೆ – ಇವನ್ನು ಅವರು ನೋಡಿ ನಿರ್ಧರಿಸಲಿ. ಅಲ್ಲಿಯವರೆಗೆ ಸ್ನಾನದ ಮನೆಯಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲ್ ಇಡಿ, ಕುಳಿತೇ ಸ್ನಾನ ಮಾಡಲಿ, ನೀರು ಅತಿ ಬಿಸಿಯಾಗಿರುವುದು ಬೇಡ.